‘ಹೌಸ್‌ಹೋಲ್ಡ್’ಗೆ ಯಾವ ಪದ: ಕುಟುಂಬವೋ, ಒಕ್ಕಲೋ, ಒಲೆಯೋ?

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಮನೆಗಳ ಖರ್ಚು-ವೆಚ್ಚದ ಸಂಶೋಧನೆಗೆ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೌಸ್‌ಹೋಲ್ಡ್’ ಹತ್ತಿರ ಬಂದು ನಿಂತಿದ್ದೇನೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡುಗೆಮನೆಯಲ್ಲಿ ಮಾಡಿದ್ದನ್ನು ಉಣ್ಣುವವರು ಒಂದು ಹೌಸ್‌ಹೋಲ್ಡ್. ಅಂದರೆ ಇಲ್ಲಿ ಮುಖ್ಯವಾದದ್ದು ರಕ್ತಸಂಬಂಧ ಅಲ್ಲ, ಊಟ. ನಾವು ಮಾತ್ರ ಎಲ್ಲ ಕಡೆ ‘ಕುಟುಂಬ’ ಅಂತ ಬರೆದುಬಿಡುತ್ತೇವೆ.

ಕೊಪ್ಪಳದ ಕಡೆಯ ಒಂದು ಹಳ್ಳಿಯಲ್ಲಿ ಕರಡು ಹಿಡಿದು ಕೇಳಿ ನೋಡಿದೆ. ಕುಟುಂಬದಲ್ಲಿ ಎಷ್ಟು ಜನ ಅಂದಾಗ ಅಜ್ಜಿ ‘ಹನ್ನೊಂದು ಮಂದಿರಿ’ ಅಂದರು. ಹನ್ನೊಂದು ಅಂತ ಬರೆದೂ ಆಯ್ತು. ಎಲ್ಲರದ್ದೂ ಅಡುಗೆ ಒಂದೇನಾ ಅಂತ ಸುಮ್ನೆ ಕೇಳಿದ್ದಕ್ಕೆ, ‘ಇಲ್ರಿ, ದೊಡ್ಡಾವ ಬ್ಯಾರೆ ಆಗ್ಯಾನ, ಅವರ ಒಲಿ ಆ ಕಡೆ’ ಅಂತ ಗೋಡೆಯ ಆಚೆ ಕೈ ತೋರಿಸಿದರು. ಸೂರು ಒಂದೇ, ರೇಷನ್ ಕಾರ್ಡೂ ಒಂದೇ, ಒಲೆ ಎರಡು. ತಲಾ ಖರ್ಚು ಲೆಕ್ಕ ಹಾಕುವಾಗ ಈ ಕಡೆಯ ಅಕ್ಕಿ-ಬೇಳೆಯನ್ನು ಹನ್ನೊಂದು ಜನಕ್ಕೆ ಭಾಗಿಸಿದರೆ ಆ ಮನೆ ಇದ್ದದ್ದಕ್ಕಿಂತ ಬಡವಾಗಿ ಕಾಣುತ್ತದೆ. ಒಂದು ಪದದಿಂದ ಇಷ್ಟು ಆಗುತ್ತದೆ!

ಸರ್ಕಾರದ ಯೋಜನೆಗಳಲ್ಲೂ ಇದೇ ಗಂಟು. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸ ಅಂದದ್ದು ಆಳಿಗೆ ಅಲ್ಲ, ಹೌಸ್‌ಹೋಲ್ಡ್‌ಗೆ. ಬೇರೆಯಾದ ಮಗನನ್ನು ಅಪ್ಪನ ಜೊತೆಗೇ ಎಣಿಸಿದರೆ ಆ ಕಾಯ್ದೆಯಲ್ಲಿ ಇಬ್ಬರಿಗೂ ಸೇರಿ ಸಿಗುತ್ತಿದ್ದದ್ದು ಅದೇ 100 ದಿನ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ‘ಮನೆಯ ಯಜಮಾನಿ’ಗೆ. ಒಂದೇ ಕಾರ್ಡಿನಲ್ಲಿ ಅತ್ತೆ, ಸೊಸೆ ಇಬ್ಬರೂ ಇದ್ದು ಒಲೆ ಬೇರೆ ಆಗಿದ್ದರೆ ಯಜಮಾನಿ ಯಾರು?

‘ಒಕ್ಕಲು’ ನನಗೆ ಇಷ್ಟದ ಪದ. ಊರಲ್ಲಿ ಎಷ್ಟು ಒಕ್ಕಲು ಅಂತ ಹಿರಿಯರು ಕೇಳುತ್ತಿದ್ದದ್ದು ಇದನ್ನೇ ಅಲ್ವಾ? ಆದರೆ ಕರಾವಳಿ ಕಡೆ ಒಕ್ಕಲು ಅಂದರೆ ಗೇಣಿದಾರ ಅಂದುಕೊಳ್ಳುವವರೇ ಜಾಸ್ತಿ. ‘ಕುಟುಂಬ’ಕ್ಕೂ ಅಂಥ ತೊಡಕು ಇದೆ, ಹಳೇ ಮೈಸೂರು ಕಡೆಯ ಹಿರಿಯರು ‘ನಮ್ಮ ಕುಟುಂಬ’ ಅಂದರೆ ಅದು ಹೆಂಡತಿ! ‘ಮನೆ’ ಅಂದರೆ ಕಟ್ಟಡವೇ ಕಣ್ಣಿಗೆ ಬರುತ್ತದೆ. ಜನಗಣತಿಯ ಹಳೆಯ ಹೆಸರು ಖಾನೇಷುಮಾರಿ, ಅದರಲ್ಲಿರುವ ‘ಖಾನೆ’ಯೂ ಮನೆಯೇ.

ಸದ್ಯಕ್ಕೆ ‘ಒಂದೊಲೆ ಮನೆ’ ಅಂತ ಬರೆದಿದ್ದೇನೆ. ಒಂದು ಅನುಮಾನ ಉಳಿದಿದೆ. ಈಗ ಒಂದೇ ಅಡುಗೆಮನೆಯಲ್ಲಿ ಗ್ಯಾಸೂ ಇರುತ್ತದೆ, ನೀರು ಕಾಯಿಸಲು ಹಿತ್ತಲಲ್ಲಿ ಸೌದೆ ಒಲೆಯೂ ಇರುತ್ತದೆ, ಹಾಗಾಗಿ ಉತ್ತರ ಹೇಳುವವರು ಒಲೆಗಳನ್ನೇ ಎಣಿಸಿ ಹೇಳಿಬಿಟ್ಟರೆ ಕಷ್ಟ.

ನಿಮ್ಮ ಊರಲ್ಲಿ ಅಣ್ಣತಮ್ಮಂದಿರ ಅಡುಗೆ ಬೇರೆಯಾದಾಗ ಏನಂತಾರೆ? ಹಾಗೆ ಬೇರೆಯಾದ ಒಂದೊಂದು ಗುಂಪಿಗೆ ಹೆಸರಿದೆಯಾ? ಯಾವ ತಾಲ್ಲೂಕಿನ ಮಾತು ಅಂತಲೂ ಸೇರಿಸಿ ಬರೆಯಿರಿ.