ಪೈ ತಂಬೂರಿ ಮಧ್ಯೆ ಮಧ್ಯೆ "ಚಟ್" ಅನ್ನುತ್ತಿದೆ, ಸಾಕಾಗಿ ಹೋಗಿದೆ

ಕಲಬುರಗಿ_ತಂಬೂರಿ:
ಭಜನೆಗೆ ಅಂತ ರಾಸ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ತಂಬೂರಿ ಮಾಡಿದ್ದೇನೆ. ಸಿ++, ಆಲ್ಸಾ (ಲಿನಕ್ಸ್‌ನ ಸೌಂಡ್ ವ್ಯವಸ್ಥೆ), ಯುಎಸ್‌ಬಿ ಸೌಂಡ್ ಕಾರ್ಡ್. 48000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಫ್ರೇಮ್, ಅಂದರೆ ಧ್ವನಿಯ ತುಣುಕು), ಒಂದೊಂದು ಸುತ್ತಿನಲ್ಲಿ 128 ಫ್ರೇಮ್. ಆಡಿಯೊ ಥ್ರೆಡ್‌ಗೆ (ಧ್ವನಿ ಲೆಕ್ಕ ಹಾಕೋ ಪ್ರೋಗ್ರಾಂ ಭಾಗ) ಫೈಫೊ ಪ್ರಯಾರಿಟಿ 80, ಅಂದರೆ ಸಾಮಾನ್ಯ ಕೆಲಸಗಳಿಗಿಂತ ಇದೇ ಮೊದಲು. ಸಿಪಿಯು ಅರ್ಧವೂ ಖರ್ಚಾಗುತ್ತಿಲ್ಲ. ಆದರೂ ಚಟ್ ಅಂತ ಸ್ವರ ಒಡೆಯುತ್ತದೆ. ಯಾರಿಗಾದರೂ ಗೊತ್ತಾ?

ಶಹಾಪುರ_ಸೋಲ್ಡರ್:
ಬಿಸಿಲು ಸರ್, ಬೇರೇನಿಲ್ಲ. 80 ಡಿಗ್ರಿ ದಾಟಿದರೆ ಪೈ ತಾನೇ ವೇಗ ಇಳಿಸುತ್ತದೆ. ಫ್ಯಾನ್ ಹಾಕಿ.

ಕಲಬುರಗಿ_ತಂಬೂರಿ:
58 ಡಿಗ್ರಿ ತೋರಿಸುತ್ತಿದೆ.

ಶಹಾಪುರ_ಸೋಲ್ಡರ್:
ಅದನ್ನು ನಂಬಬೇಡಿ. ನನ್ನದಕ್ಕೆ ಅಲ್ಯೂಮಿನಿಯಂ ಕೇಸ್, ಎರಡು ಫ್ಯಾನ್. ಮೇ ತಿಂಗಳಲ್ಲೂ ತಣ್ಣಗಿರುತ್ತದೆ.

ಬೀದರ್_ಕರ್ನಲ್:
ಫ್ಯಾನ್ ಬಿಡ್ರಿ. ಕಾಲ್‌ಬ್ಯಾಕ್ (ಪ್ರತಿ ಸುತ್ತಿನ ಧ್ವನಿ ತುಂಬೋ ಫಂಕ್ಷನ್) ಒಳಗೆ ಏನೇನು ಕರೆಯುತ್ತೀರಿ?

ಕಲಬುರಗಿ_ತಂಬೂರಿ:
ವಿಶೇಷ ಏನಿಲ್ಲ ಸರ್. ಸ್ಕ್ರೀನ್ ಮೇಲಿನ ಶ್ರುತಿ ಸ್ಲೈಡರ್ ಓದೋಕೆ ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯೋ ಲಾಕ್), ಲಾಗ್ ಫೈಲ್‌ಗೆ ಬರೆಯೋಕೆ ಒಂದು ಎಫ್‌ಪ್ರಿಂಟ್‌ಎಫ್. ಎಲ್ಲರೂ ಮಾಡೋದೇ.

ಬೀದರ್_ಕರ್ನಲ್:
ವಿಶೇಷ ಅಲ್ಲೇ ಇದೆ. 128 ಫ್ರೇಮ್ ಅಂದರೆ ನಿಮಗೆ ಸಿಗೋದು ಪ್ರತಿ ಸುತ್ತಿಗೂ 2.67 ಮಿಲಿಸೆಕೆಂಡ್, ಅಷ್ಟರಲ್ಲಿ ಧ್ವನಿ ಸಿದ್ಧವಾಗದಿದ್ದರೆ ಚಟ್. ಲಾಗ್ ಬಫರ್ ತುಂಬಿದ ಕೂಡಲೇ ಎಫ್‌ಪ್ರಿಂಟ್‌ಎಫ್ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಹೋಗುತ್ತದೆ. ಎಸ್‌ಡಿ ಕಾರ್ಡ್ ಆಗ ಬಿಡುವಿಲ್ಲದೇ ಇದ್ದರೆ ಅಲ್ಲೇ ನಿಲ್ಲಬಹುದು. ನಿಂತ ಥ್ರೆಡ್‌ಗೆ ಪ್ರಯಾರಿಟಿ 99 ಇದ್ದರೂ ಏನು ಪ್ರಯೋಜನ? ಮೆಮೊರಿ ಕೇಳೋ ಮ್ಯಾಲಾಕ್ ಕೂಡ ಬೇಡ, ಅದರೊಳಗೂ ಲಾಕ್ ಇದೆ. ಬೇಕಾದ ಮೆಮೊರಿ ಶುರುವಿನಲ್ಲೇ ತಗೊಂಡು, ಅದು ರ‍್ಯಾಮ್‌ನಿಂದ ಆಚೆ ಹೋಗದ ಹಾಗೆ ಎಮ್‌ಲಾಕ್‌ಆಲ್ ಮಾಡಿ. ಲಾಗ್ ಬೇಕೇ ಬೇಕು ಅಂದರೆ ರಿಂಗ್ ಬಫರ್‌ಗೆ (ಲಾಕ್ ಇಲ್ಲದೇ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಡೇಟಾ ದಾಟಿಸೋ ಸಾಲು) ಹಾಕಿ, ಬೇರೆ ಥ್ರೆಡ್ ಫೈಲ್‌ಗೆ ಬರೆದುಕೊಳ್ಳಲಿ.

ಸೇಡಂ_ಸಿಂತ್:
ಇಷ್ಟೆಲ್ಲ ಯಾಕೆ? ಲಿನಕ್ಸ್ 6.12ರಿಂದ ಪ್ರೀಎಂಪ್ಟ್ ಆರ್‌ಟಿ (ತುರ್ತು ಥ್ರೆಡ್‌ಗೆ ಬೇಗ ಸರದಿ ಕೊಡೋ ಆಯ್ಕೆ) ಮುಖ್ಯ ಕರ್ನಲ್‌ನಲ್ಲೇ ಇದೆ. ಅದನ್ನೇ ಬಿಲ್ಡ್ ಮಾಡಿ. ನನ್ನ ಹಳೇ ಥಿಂಕ್‌ಪ್ಯಾಡ್ 32 ಫ್ರೇಮ್‌ನಲ್ಲಿ ಇಡೀ ರಾತ್ರಿ ಓಡುತ್ತದೆ. ಒಂದೂ ಎಕ್ಸ್‌ರನ್ (ಹೊತ್ತಿಗೆ ಸಿಗದೆ ಧ್ವನಿ ಒಡೆಯೋದು) ಇಲ್ಲ.

ಬೀದರ್_ಕರ್ನಲ್:
ಆರ್‌ಟಿ ಹಾಕಿದರೆ ಎಸ್‌ಡಿ ಕಾರ್ಡ್ ಜೋರಾಗಿ ಬರೆಯುತ್ತಾ?

ಸೇಡಂ_ಸಿಂತ್:
ಹಾಗಂತ ಯಾರು ಹೇಳಿದರು? ನಿಮ್ಮಲ್ಲಿ 32 ಓಡುತ್ತಾ, ಮೊದಲು ಅದು ಹೇಳಿ.

ಕಲಬುರಗಿ_ತಂಬೂರಿ:
ನಿಮ್ಮ ಜಗಳ ಆಮೇಲೆ. ಲಾಗ್ ತೆಗೆದೆ. ಸುಮ್ನೆ ಬಿಟ್ಟರೆ ಚಟ್ ಇಲ್ಲ, ಸ್ಲೈಡರ್ ಎಳೆದರೆ ಮಾತ್ರ ಬರುತ್ತದೆ.

ಬೀದರ್_ಕರ್ನಲ್:
ಅದು ಮ್ಯೂಟೆಕ್ಸ್. ಸ್ಕ್ರೀನ್ ಥ್ರೆಡ್ ಲಾಕ್ ಹಿಡಿದಿರುತ್ತದೆ, ನಡುವಿನ ಪ್ರಯಾರಿಟಿಯ ಇನ್ನೊಂದು ಥ್ರೆಡ್ ಅದನ್ನು ಓಡೋಕೆ ಬಿಡುವುದಿಲ್ಲ, ಆಡಿಯೊ ಕಾಯುತ್ತಾ ಕೂರುತ್ತದೆ. 1997ರಲ್ಲಿ ಮಂಗಳನ ಮೇಲೆ ನಾಸಾದ ಪಾತ್‌ಫೈಂಡರ್ ನೌಕೆ ಪದೇ ಪದೇ ರೀಸೆಟ್ ಆಗಿದ್ದೂ ಇದಕ್ಕೇ. ಭೂಮಿಯಿಂದಲೇ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಲಾಕ್ ಹಿಡಿದ ಥ್ರೆಡ್‌ಗೆ ಕಾಯುವ ಥ್ರೆಡ್‌ನ ಪ್ರಯಾರಿಟಿ ಕೊಡೋದು) ಆನ್ ಮಾಡಿ ಸರಿಪಡಿಸಿದರು. ಸಿ++ನ ಸ್ಟ್ಯಾಂಡರ್ಡ್ ಮ್ಯೂಟೆಕ್ಸ್‌ನಲ್ಲಿ ಆ ಆಯ್ಕೆ ಇಲ್ಲ, ಪಿಥ್ರೆಡ್ ಲೈಬ್ರರಿಯಲ್ಲಿದೆ. ಆದರೆ ಒಂದು ಸ್ಲೈಡರ್‌ಗೆ ಲಾಕ್ ಯಾಕೆ? ಲಾಕ್ ಇಲ್ಲದೇ ಓದಿ ಬರೆಯಬಹುದಾದ ಅಟಾಮಿಕ್ ಫ್ಲೋಟ್ ಸಾಕು.

ಕಲಬುರಗಿ_ತಂಬೂರಿ:
ಒಂದಲ್ಲ ಸರ್. ಶ್ರುತಿ ಏರಿಸಿದರೆ ನಾಲ್ಕು ತಂತಿಯೂ ಒಟ್ಟಿಗೆ ಏರಬೇಕು.

ಬೀದರ್_ಕರ್ನಲ್:
ಅದನ್ನು ಮೊದಲೇ ಹೇಳಬಾರದಾ! ಹಾಗಾದರೆ ಟ್ರೈಲಾಕ್, ಅಂದರೆ ಕಾಯದೇ ಲಾಕ್ ಕೇಳಿ ನೋಡೋದು. ಸಿಗದಿದ್ದರೆ ಈ ಸುತ್ತು ಹಳೇ ಶ್ರುತಿಯಲ್ಲೇ ನುಡಿಸಿ.

ಸೇಡಂ_ಸಿಂತ್:
ಅನ್‌ಲಾಕ್ ಮಾಡುವಾಗ ಯಾರಾದರೂ ಕಾಯುತ್ತಿದ್ದರೆ ಅವರನ್ನು ಎಬ್ಬಿಸೋಕೆ ಕರ್ನಲ್‌ಗೆ ಹೋಗಲೇಬೇಕಲ್ವಾ? ನಾಲ್ಕೂ ಬೆಲೆ ಒಂದೇ ಸ್ಟ್ರಕ್ಟ್‌ನಲ್ಲಿಟ್ಟು ರಿಂಗ್ ಬಫರ್‌ನಲ್ಲೇ ಕಳಿಸಿ, ಲಾಕ್ ಗೋಜೇ ಬೇಡ.

ಬೀದರ್_ಕರ್ನಲ್:
ಹೋಗುತ್ತದೆ, ಆದರೆ ಅಲ್ಲಿ ಕಾಯುವುದಿಲ್ಲ. ರಿಂಗ್ ಬಫರ್ ಇನ್ನೂ ಒಳ್ಳೆಯದು, ಒಪ್ಪಿದೆ.

ಶಹಾಪುರ_ಸೋಲ್ಡರ್:
ಸೇಡಂ ಅಣ್ಣಾ, ಆ 32 ಫ್ರೇಮ್‌ಗೆ ಯಾವ ಸೌಂಡ್ ಕಾರ್ಡ್? ಫೋಟೊ ಹಾಕಿ.