ಸಹಾಯ ಬೇಕು: ಬಳ್ಳಾರಿಯಲ್ಲಿ ಹಳೇ ಇ 250 ಸಿಡಿಐ ಮತ್ತು 520ಡಿ, ಯಾವುದಕ್ಕೆ ಎಷ್ಟು ಕೊಡಬಹುದು?

ಎಲ್ಲರಿಗೂ ನಮಸ್ಕಾರ. ಎರಡು ಡೀಸೆಲ್ ಸೆಡಾನ್ ನೋಡಿಟ್ಟಿದ್ದೇವೆ. ಕೆಎ 34 ನೋಂದಣಿಯ 2014ರ ಮರ್ಸಿಡಿಸ್ ಇ 250 ಸಿಡಿಐಗೆ 13 ಲಕ್ಷ ಹೇಳುತ್ತಿದ್ದಾರೆ. ದೆಹಲಿ ನೋಂದಣಿಯ 2013ರ ಬಿಎಂಡಬ್ಲ್ಯು 520ಡಿಗೆ 9 ಲಕ್ಷ.

ಕಾರಿನ ಹಿಂಬದಿಯ ಬ್ಯಾಡ್ಜ್ ನೋಡಿ ಎಂಜಿನ್ ಅಳೆಯಲು ಆಗದು. 250 ಎಂದಿದ್ದರೂ ಅದು 2143 ಸಿಸಿ. ಅದೇ ಸಿಸಿಯ ಇ 220 ಸಿಡಿಐ 170 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಕೊಟ್ಟರೆ, ಇ 250 ಸಿಡಿಐ 204 ಕೊಡುತ್ತದೆ. 520ಡಿ 1995 ಸಿಸಿ, 184 ಪಿಎಸ್. ಸಿಸಿ ಹೆಚ್ಚು ಎಂದು ಬೆಲೆ ಏರಿಸುವವರ ಮಾತು ಒಪ್ಪಬೇಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ನೋಡಿ, ಸರ್ವಿಸ್ ದಾಖಲೆ ಕೇಳಿ.

ಚಿಂತೆ ಇರುವುದು 520ಡಿಯ ಎನ್47 ಎಂಜಿನ್ ಬಗ್ಗೆ. ವಾಲ್ವ್ ಮತ್ತು ಪಿಸ್ಟನ್ ಚಲನೆಯನ್ನು ಹೊಂದಿಸುವ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆ ಇದೆ. ಸವೆದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಲೇಬೇಕು, ಕೂಲಿಯೇ ಭಾರ. ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ. ಹಾಗಾಗಿ ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಶುರು ಮಾಡಿಸಿ, ಹಿಂಬದಿಯಿಂದ ಕರಕರ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ.

ದೆಹಲಿ ಗಾಡಿ ಅಗ್ಗವಾಗಲು ಕಾರಣ ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ಇರುವ ನಿರ್ಬಂಧ. ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ಆಜೀವ ತೆರಿಗೆ ಸೇರಿಸಿದ ಮೇಲೆಯೇ ನಿಜವಾದ ಬೆಲೆ. 15 ವರ್ಷದ ನೋಂದಣಿಯೂ 2028ಕ್ಕೆ ಮುಗಿಯುತ್ತದೆ.

ಬಳ್ಳಾರಿ ಅಥವಾ ಹೊಸಪೇಟೆಯಲ್ಲಿ ಇಂಜೆಕ್ಟರ್ ಕರೆಕ್ಷನ್ (ಪ್ರತಿ ಇಂಜೆಕ್ಟರ್‌ನ ಇಂಧನದಲ್ಲಿ ಎಂಜಿನ್ ಮಾಡಿಕೊಳ್ಳುವ ಹೊಂದಾಣಿಕೆ), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಪ್ರಮಾಣ ಓದುವ ಸ್ಕ್ಯಾನರ್ ಇರುವ ಗ್ಯಾರೇಜ್ ಯಾವುದು? ಇಷ್ಟು ಹಳೇ ಹೊರರಾಜ್ಯದ ಕಾರಿಗೆ ಆರ್‌ಟಿಒದಲ್ಲಿ ಇತ್ತೀಚೆಗೆ ಎಷ್ಟು ತೆರಿಗೆ ಕಟ್ಟಿದಿರಿ? ಗೊತ್ತಿದ್ದವರು ದಯವಿಟ್ಟು ಹೇಳ್ರಿ.