ಅಪ್‌ಡೇಟ್: ಕೊಲೊರಾಡೊದಲ್ಲಿ ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್
ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಜಿಂಕೆಯನ್ನೂ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯನ್ನೂ ಬೇಟೆಯಾಡಲು .243 ವಿಂಚೆಸ್ಟರ್ ತೋಟಾದ ರೈಫಲ್ ಸಾಕೇ, ಅದಕ್ಕಿಂತ ದಪ್ಪ ಗುಂಡಿನ .308 ಬೇಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ; .308 ಎಂದೇ ತೀರ್ಮಾನವಾಯಿತು.

ಕೊಲೊರಾಡೊ ನಿಯಮದಂತೆ ಎಲ್ಕ್‌ಗೆ ಕನಿಷ್ಠ 6 ಮಿ.ಮೀ. ಕ್ಯಾಲಿಬರ್ (ಗುಂಡಿನ ವ್ಯಾಸ), 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ತಾಗಿದಾಗ ಹಿಗ್ಗುವ ಗುಂಡು ಬೇಕು. ಹಾಗಾಗಿ 100 ಗ್ರೇನ್‌ನ .243 ಕಾನೂನಿಗೆ ಸರಿ, ಜಿಂಕೆಗಂತೂ ಧಾರಾಳ. ಆದರೆ ಎಲ್ಕ್ ಓರೆಯಾಗಿ ನಿಂತಾಗ ಭುಜದ ಮೂಳೆ ಒಡೆದು ಶ್ವಾಸಕೋಶದವರೆಗೂ ಇಳಿಯುತ್ತದೆಂಬ ಭರವಸೆ ಅದರಲ್ಲಿ ಕಡಿಮೆ. ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಬಾರದು, ನನಗೆ ಇದೇ ಮುಖ್ಯ.

.308ಕ್ಕೆ ಆರಿಸಿದ್ದು 165 ಗ್ರೇನ್ ಬಾಂಡೆಡ್ ಗುಂಡು (ಒಳಗಿನ ಸೀಸ ಹೊರಕವಚಕ್ಕೆ ಬೆಸೆದದ್ದು), 200 ಗಜಕ್ಕೆ ಜೀರೋ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ತಾಗುವಂತೆ ಸ್ಕೋಪ್ ಹೊಂದಿಕೆ: ಗುಂಡು 100 ಗಜದಲ್ಲಿ ಗುರಿಗಿಂತ ಸುಮಾರು 2 ಇಂಚು ಮೇಲೆ, 300ರಲ್ಲಿ 8–9 ಇಂಚು ಕೆಳಗೆ. ಮುಂದೆ ತಾಮ್ರದ ಗುಂಡು ಹಾಕಿದರೆ ಜೀರೋ ಮತ್ತೆ ಪರೀಕ್ಷಿಸಲೇಬೇಕು. ತೂಕ ಒಂದೇ ಆದರೂ ಗುಂಡು ತಾಗುವ ಜಾಗ ಬದಲಾಗಬಹುದು.